ಮಾತಾಡಬಾರದ ಹೊತ್ತು

ಈಜು ಮೇಷ್ಟ್ರ ಬಲ ಶ್ವಾಸಕೋಶದಲ್ಲಿ ಒಂದು ಗಂಟು ಕಂಡಿತ್ತು. ಬೆನ್ನಿನಿಂದ ಸೂಜಿ ಹಾಕಿ ಚೂರು ತೆಗೆದು ನೋಡುವ ತನಕ ಅದು ಎಂಥದೆಂದು ಗೊತ್ತಾಗುವಂತಿರಲಿಲ್ಲ, ಗೊತ್ತಾಗದೆ ಔಷಧಿ ಶುರುವಾಗುವಂತಿರಲಿಲ್ಲ. ಎದೆಬಡಿತ ತಾಳ ತಪ್ಪುತ್ತದೆಂದು ಅವರು ವರ್ಷಗಳಿಂದ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನುಂಗುತ್ತಿದ್ದರು. ಅದನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಸೂಜಿ ಚುಚ್ಚಿದ ಕಡೆ ರಕ್ತ ನಿಲ್ಲುವುದಿಲ್ಲ ಎಂದರು ಡಾಕ್ಟರಮ್ಮ. ಮೇಷ್ಟ್ರು ಅಂದೇ ನಿಲ್ಲಿಸಿದರು.

ಆದರೂ ಎರಡು ಸಲ ರಕ್ತಪರೀಕ್ಷೆ ಕೈಕೊಟ್ಟಿತು, ರಕ್ತದಲ್ಲಿ ಮಾತ್ರೆಯ ಗುಣ ಹಾಗೇ ಇತ್ತು. ಎರಡು ಸಲವೂ ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ವಾಪಸ್ಸು. ಮಾತ್ರೆ ಮುಟ್ಟಿಲ್ಲವೆಂದು ಅವರು ಎಷ್ಟು ಬಡಕೊಂಡರೂ, ರಕ್ತ ಸುಳ್ಳು ಹೇಳುವುದಿಲ್ಲ ಎಂದು ಡಾಕ್ಟರಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಪಕ್ಕದಲ್ಲಿದ್ದ ಹೆಂಡತಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಇವರು ಯಾವತ್ತು ಹೇಳಿದ್ ಮಾತು ಕೇಳಿದಾರೆ, ಡಾಕ್ಟ್ರೇ?"

ಎಷ್ಟೋ ಜನರನ್ನು ನೀರಿನಿಂದ ದಡಕ್ಕೆಳೆದ ಮೇಷ್ಟ್ರು, ಪಾಪ, ಕಳ್ಳನ ಹಾಗೆ ತಲೆ ತಗ್ಗಿಸಿ ಕೂತರು.

ಮೂರನೇ ಸಲ ಡಾಕ್ಟರಮ್ಮ ಮೊದಲೇ ವಾರ್ಡಿಗೆ ಸೇರಿಸಿಕೊಂಡರು. ಊಟ ತಿಂಡಿ ಎಲ್ಲ ಅಲ್ಲೇ. ರಕ್ತ ದಾರಿಗೆ ಬಂತು. ನಮ್ಮ ಕಣ್ಣೆದುರಿದ್ದರೆ ಎಷ್ಟು ಒಳ್ಳೆಯವರು ನೋಡಿ ಎಂದು ನರ್ಸು ನಕ್ಕಳು. ಮೇಷ್ಟ್ರು ಅದನ್ನೂ ನುಂಗಿಕೊಂಡರು. ಸ್ಕ್ಯಾನಿನಲ್ಲಿ ಗಂಟು ನೋಡಿಕೊಂಡು ಸೂಜಿ ಇಳಿಸುವಾಗ ಅಲುಗಾಡದೆ ಉಸಿರು ಹಿಡಿಯಬೇಕು. ಆ ವಿದ್ಯೆಯಲ್ಲಿ ಅವರನ್ನು ಮೀರಿಸುವವರುಂಟೇ? ಸೂಜಿ ಸಲೀಸಾಗಿ ಹೋಗಿ ಬಂತು.

ಆಮೇಲೆ ಚುಚ್ಚಿದ ಜಾಗ ಅಡಿಗೆ ಬರುವಂತೆ ಮಲಗಿಸಿದರು. ಶ್ವಾಸಕೋಶದಿಂದ ಗಾಳಿ ಸೋರದಿರಲೆಂದು, ತಾವು ಹೇಳುವ ತನಕ ಕೆಮ್ಮಬಾರದು, ಮಾತಾಡಬಾರದು ಎಂದು ತಾಕೀತು ಮಾಡಿ ಹೋದರು.

ಹೆಂಡತಿ ಕುರ್ಚಿ ಎಳೆದುಕೊಂಡಳು. ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದಳು.

"ಮಾತ್ರೆ ನಾನೇ ಪುಡಿ ಮಾಡಿ ಹಾಲಿಗೆ ಹಾಕ್ತಿದ್ದೆ ರೀ. ನಮ್ಮಪ್ಪ ಮಾತ್ರೆ ಬಿಟ್ಟ ವಾರಕ್ಕೇ ಹೋದ್ರಲ್ಲ, ಭಯ ಆಯ್ತು. ಬೈಬೇಡಿ."

ಮೇಷ್ಟ್ರಿಗೆ ಆ ಭಯ ಅರ್ಥವಾಯಿತು. ಆದರೆ ಡಾಕ್ಟರ ಎದುರು ತನ್ನನ್ನು ಸುಳ್ಳುಗಾರನನ್ನಾಗಿ ಮಾಡಿದ್ದು ಭಯಕ್ಕಲ್ಲ. ಇಷ್ಟು ದಿನ ಬಿಟ್ಟು, ತಾನು ತುಟಿ ಬಿಚ್ಚಲಾಗದ ಹೊತ್ತು ನೋಡಿ ಬಾಯಿ ಬಿಟ್ಟದ್ದೂ ಭಯಕ್ಕಲ್ಲ. ನಂಬಿದವಳೇ ಹೀಗೆ ಮಾಡಿದಳಲ್ಲ! ಕೆಮ್ಮು ಗಂಟಲಿಗೆ ಬಂತು, ತಡೆದರು. ಗಂಡ ಸುಮ್ಮನಿದ್ದದ್ದೇ ಕ್ಷಮೆಯೆಂದುಕೊಂಡು ಅವಳು ಹಗುರಾದಳು. ಎದುರುಮನೆಯವರ ಸುದ್ದಿ ಹೇಳತೊಡಗಿದಳು.

ಸಂಜೆ ನರ್ಸು ಬಂದು, ಎಕ್ಸ್‌ರೇ ಚೆನ್ನಾಗಿದೆ, ಗಾಳಿ ಸೋರಿಲ್ಲ, ಇನ್ನು ಮಾತಾಡಬಹುದು ಎಂದಳು. ಹೆಂಡತಿ ನಗುತ್ತ ಹತ್ತಿರ ಬಗ್ಗಿದಳು.

ಮೇಷ್ಟ್ರು ಅವಳ ಕಡೆ ತಿರುಗಲಿಲ್ಲ.

"ಸಿಸ್ಟರ್, ಡಾಕ್ಟರಮ್ಮನ್ನ ಕರೀತೀರಾ? ಇವಳು ಅವರಿಗೊಂದು ಮಾತು ಹೇಳೋದಿದೆ."