ಫಾರಿನ್ ಟೈಲರ್ ದಾಟಿದ ಕೆರೆ

"ಮೊದಲು ಆ ಸೇತುವೆ ಬರ್ಕೊಳ್ಳಮ್ಮ," ಎಂದಳು ಹೆಂಡತಿ. "ಇವರ ಟೋಪಿ ಗಾಳಿಗೆ ಹಾರಿ ನದಿಗೆ ಬಿತ್ತಲ್ಲ, ಆ ಸೇತುವೆ."

ಟ್ರಾವೆಲ್ಸ್ ಆಫೀಸಿನ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿ ಟೈಲರನ ಮುಖ ನೋಡಿದಳು. ಟೈಲರ್ ಗೋಡೆಯ ಮೇಲೆ ತೂಗುಹಾಕಿದ್ದ ನಕ್ಷೆ ನೋಡಿದ. ಅವರು ಹೋಗಲಿದ್ದ ಆ ದೊಡ್ಡ ದೇಶ ಅರ್ಧ ಗೋಡೆಯನ್ನೇ ತಿಂದುಹಾಕಿತ್ತು. ಎಸಿ ತಣ್ಣಗೆ ಬೀಸುತ್ತಿದ್ದರೂ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಮಗಳೂ ಅಳಿಯನೂ ಸೇರಿ ಈ ಪ್ರವಾಸವನ್ನು ಉಡುಗೊರೆ ಎಂದು ಕೊಟ್ಟಾಗ ಅವನು ಹೌಹಾರಿದ್ದ ನಿಜ. ಆದರೆ ಹೆಂಡತಿ ಎಂದಿನಂತೆ "ಎಲ್ಲಾದ್ರೂ ಸರಿ, ನಿಮ್ಮಿಷ್ಟ" ಎನ್ನುತ್ತಾಳೆ, ಎಲ್ಲರೂ ಹೋಗುವ ನಾಲ್ಕು ಊರು ತೋರಿಸಿ ಕೈತೊಳೆದುಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡಿದ್ದ. ಸಿನಿಮಾ ಯಾವುದೆಂದು ಕೂಡ ಎಂದೂ ತಾನಾಗಿ ಹೇಳದವಳು ಇವತ್ತು ಒಂದೊಂದು ಜಾಗವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಅವನ ಅಂಗಡಿಯ ಬೋರ್ಡಿನ ಮೇಲೆ 'ಫಾರಿನ್ ಟೈಲರ್' ಎಂದಿತ್ತು. ಊರಿನ ಬಾಯಲ್ಲೂ ಅದೇ ಹೆಸರು. ಮದುವೆಗೆ ಮುಂಚೆ ಒಂದು ವರ್ಷ ಆ ದೊಡ್ಡ ದೇಶದಲ್ಲಿದ್ದು ಕೋಟು ಹೊಲಿಯುವುದನ್ನು ಕಲಿತು ಬಂದವನು ಎಂದು ಪ್ರತೀತಿ. ನಿಜ ಅವನೊಬ್ಬನಿಗೇ ಗೊತ್ತಿತ್ತು. ಆ ದೇಶದ ಮಣ್ಣನ್ನು ಅವನು ತುಳಿದೇ ಇರಲಿಲ್ಲ. ಆ ವರ್ಷವೆಲ್ಲ ಪಕ್ಕದ ಊರಿನ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು, ಬೇರೆಯವರು ಹೊಲಿದ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹಚ್ಚುತ್ತಿದ್ದ.

ಹೆಣ್ಣು ಕೇಳಲು ಹೋದಾಗ ಅವಳ ಅಪ್ಪ, ಗಿರಣಿಯ ಮೇಸ್ತ್ರಿ, ಹುಡುಗನಿಗೆ ಏನು ಕೆಲಸ ಎಂದು ಹುಬ್ಬು ಗಂಟಿಕ್ಕಿದ. ಜೊತೆಗಿದ್ದ ಸೋದರಮಾವ ಹಿಂದೆ ಮುಂದೆ ನೋಡದೆ, ಹುಡುಗ ಈಗಷ್ಟೇ ಫಾರಿನ್ನಿಂದ ಬಂದಿದ್ದಾನೆ ಎಂದುಬಿಟ್ಟ. ಬೀಜ ಹಾಕಿದ್ದು ಸೋದರಮಾವ. ನೀರೆರೆದು ಬೆಳೆಸಿದ ಪುಣ್ಯಾತ್ಮ ಮಾತ್ರ ಟೈಲರೇ. ಗಿರಾಕಿ ಅಳತೆ ಕೊಡಲು ಕೈಯೆತ್ತಿ ನಿಂತನೆಂದರೆ ಸಾಕು, ಬೇಕರಿಯ ಮಹಡಿಯ ಮೇಲಿನ ಹೊಲಿಗೆಕೋಣೆ ಬರುತ್ತಿತ್ತು, ಕೋಟು ಕಲಿಸಿದ ಮುದುಕ ಮೇಷ್ಟ್ರು ಬರುತ್ತಿದ್ದರು, ಅವರ ನಾಯಿ ಬರುತ್ತಿತ್ತು, ಚಳಿಗಾಲದಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟಿದ ಕೆರೆಯನ್ನು ಮೂವರೂ ನಡೆದು ದಾಟುತ್ತಿದ್ದರು.

ರೀಲು ಬಿಡ್ತಾನೆ ಎಂದು ನಗುವ ಗಿರಾಕಿಗಳಿದ್ದರು. ಅವರ ಚಿಂತೆ ಅವನಿಗಿರಲಿಲ್ಲ. ಅವನಿಗೆ ಹೆದರಿಕೆಯೆಲ್ಲ ಹೆಂಡತಿಯ ವಿಷಯದಲ್ಲಿ. ಅಂಗಡಿಯ ಹಿಂಭಾಗದಲ್ಲಿ ಪರದೆಯಾಚೆ ಕೂತು ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದ ಅವಳು ಒಂದಕ್ಷರ ಬಿಡದೆ ನಂಬಿದ್ದಳು. ಒಮ್ಮೆ ಅವನು ಮೇಷ್ಟ್ರ ಕರೀ ನಾಯಿ ಎಂದಾಗ, "ಬಿಳೀದು ಅಂದಿದ್ರಲ್ಲ?" ಎಂದು ಒಳಗಿನಿಂದಲೇ ತಿದ್ದಿದ್ದಳು. ಇಂಥವಳ ಎದುರು ಕೂತು, ನಿಮ್ಮಪ್ಪನಿಗೆ ಮೋಸ ಮಾಡಿ ನಿನ್ನನ್ನು ಕಟ್ಟಿಕೊಂಡೆ ಕಣೇ ಎಂದು ಹೇಳುವುದು ಹೇಗೆ? ಅವಳ ಅಪ್ಪ ತೀರಿಕೊಂಡ ಮೇಲಾದರೂ ಹೇಳೋಣವೆಂದುಕೊಂಡ. ಅಷ್ಟರಲ್ಲಿ ಬೋರ್ಡು ಏರಿತ್ತು, ಮಗಳು ಶಾಲೆಯಲ್ಲಿ ಅಪ್ಪನ ಫಾರಿನ್ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿ ಬಂದಿದ್ದಳು. ಹೇಳಿದ ಮರುಗಳಿಗೆ ಹೆಂಡತಿ ತನ್ನನ್ನು ಯಾವ ಕಣ್ಣಿಂದ ನೋಡಬಹುದೆಂದು ನೆನೆದು ಪ್ರತಿ ಸಲವೂ ಮಾತನ್ನು ನಾಳೆಗೆ ತಳ್ಳುತ್ತಿದ್ದ.

ಸೇತುವೆ ಸಿಕ್ಕಿತು. ಸಿಗದೆ ಏನು, ಅವನು ಅದನ್ನು ಎತ್ತಿದ್ದೇ ಒಂದು ಕ್ಯಾಲೆಂಡರಿನ ಚಿತ್ರದಿಂದ. ಬೇಕರಿಯ ವಿಷಯಕ್ಕೆ ಹುಡುಗಿ ನಕ್ಕು, ಅಲ್ಲಿ ಬೀದಿಗೊಂದು ಬೇಕರಿ ಇದೆ ಆಂಟಿ ಎಂದಳು. ಆಮೇಲೆ ಹೆಂಡತಿ ಆ ಕೆರೆಯ ಊರಿನ ಹೆಸರು ಹೇಳಿದಳು. ಆ ಹೆಸರನ್ನು ಟೈಲರ್ ಗುಂಡಿ ತುಂಬಿಡುವ ತಗಡಿನ ಡಬ್ಬಿಯ ಮೇಲಿನಿಂದ ಕದ್ದಿದ್ದ. ಹುಡುಗಿ ಹೀಗೂ ಹಾಗೂ ಟೈಪ್ ಮಾಡಿ ನೋಡಿ, ಅಂಥ ಊರೇ ಬರುತ್ತಿಲ್ಲ ಎಂದಳು.

"ಅಣೆಕಟ್ಟು ಕಟ್ಟಿದ್ರಂತೆ," ಎಂದುಬಿಟ್ಟ ಟೈಲರ್. "ಊರು ಮುಳುಗಿ ಹೋಯ್ತು."

"ಕೆರೆನೂ ಮುಳುಗಿತಾ?" ಎಂದಳು ಹೆಂಡತಿ.

ಹುಡುಗಿ ಕೆಮ್ಮಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ಟೈಲರನದು. ಸುಮ್ಮನೆ ಕಾಲರ್ ಸರಿಮಾಡಿಕೊಂಡ. ಆಗಲೇ ಹುಡುಗಿ ಮೆತ್ತಗೆ ಇನ್ನೊಂದು ಬಾಂಬು ಹಾಕಿದಳು. "ಅಂಕಲ್, ಮುಂಚೆ ಹೋಗಿದ್ದು ಯಾವ ವರ್ಷ ಅಂತ ಹೇಳಿ. ವೀಸಾ ಅರ್ಜಿಯಲ್ಲಿ ಕೇಳ್ತಾರೆ. ಅವರು ಹಳೇ ದಾಖಲೆ ತೆಗೆದು ತಾಳೆ ನೋಡ್ತಾರೆ. ಸುಳ್ಳು ಅಂತ ಆದ್ರೆ ಇಬ್ಬರಿಗೂ ಸಿಗಲ್ಲ."

ಟೈಲರ್ ಎರಡೂ ದಾರಿ ಅಳೆದು ನೋಡಿದ. ಯಾವುದೋ ಒಂದು ವರ್ಷ ಹೇಳಿದರೆ ಅವಳ ಪ್ರವಾಸಕ್ಕೆ ಕಲ್ಲು. ನಿಜ ಹೇಳಿದರೆ ಅವಳೆದುರು ತಾನು ಮಣ್ಣು. ಚಳಿಯ ದೇಶಕ್ಕೆಂದು ಅವನು ಹೊಲಿದುಕೊಟ್ಟ ದಪ್ಪ ಕೋಟನ್ನು ನಿನ್ನೆ ತಾನೇ ಅವಳು ಹಾಕಿಕೊಂಡು, ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ, ಯಾರೂ ನೋಡುತ್ತಿಲ್ಲವೆಂದು ಒಮ್ಮೆ ನಕ್ಕಿದ್ದಳು. ಅವನು ನೋಡಿದ್ದ.

"ಅದು... ನಾನು..." ಎಂದು ಬಾಯಿ ತೆರೆದ.

"ಇಬ್ಬರದೂ ಮೊದಲನೇ ಸಲ ಅಂತ ಬರಿಯಮ್ಮ," ಎಂದಳು ಹೆಂಡತಿ, ಪ್ಯಾಂಟಿನ ಉದ್ದ ಹೇಳುವ ದನಿಯಲ್ಲಿ.

ಹುಡುಗಿ ಇಬ್ಬರನ್ನೂ ಒಮ್ಮೆ ನೋಡಿ, ಏನೂ ಕೇಳದೆ ಬರೆದುಕೊಂಡು, ಪಾಸ್‌ಪೋರ್ಟುಗಳ ಜೆರಾಕ್ಸ್ ತೆಗೆಯಲು ಒಳಗೆ ಹೋದಳು. ಟೈಲರನ ಕಿವಿಯಲ್ಲಿ ಹೊಲಿಗೆ ಮಿಷನ್ನು ಖಾಲಿ ಓಡುತ್ತಿರುವ ಹಾಗಿತ್ತು.

"ನಿನಗೆ ಯಾವಾಗಿಂದ ಗೊತ್ತು?"

"ಮೊದಲಿಂದ."

"ಮೊದಲಿಂದ ಅಂದ್ರೆ?"

"ನಿಮ್ಮ ಸೋದರಮಾವ ಬಾಯಿ ಬಿಡೋಕೂ ಮೊದಲಿಂದ."

ಆ ವರ್ಷ ಅವಳು ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿಯುತ್ತಿದ್ದಳಂತೆ. ಅದೇ ಪಕ್ಕದ ಊರು. ಬಸ್ ಸ್ಟಾಪಿನ ಎದುರಿಗೇ ಆ ಅಂಗಡಿ. ಮೆಟ್ಟಿಲ ಮೇಲೆ ಕೂತ ಹುಡುಗನ ಕೈ ಕಾಜಾ ಹಾಕುತ್ತಿದ್ದರೆ ಬಾಯಿ ಟೀ ತಂದವನಿಗೆ ಏನೋ ಕಥೆ ಹೇಳುತ್ತಿತ್ತು. ಒಂದು ದಿನ ಮಾಲೀಕ, ಕೆಲಸ ಕೆಟ್ಟಿತೆಂದು ಅಂಗಿಯನ್ನು ಅವನ ಮುಖಕ್ಕೇ ಎಸೆದ. ಹುಡುಗ ಅದನ್ನು ಮುಖದಿಂದ ತೆಗೆದು, ಕೊಡವಿ, ತೊಡೆಯ ಮೇಲೆ ಹಾಸಿಕೊಂಡು ದಾರ ಬಿಚ್ಚಲು ಕೂತ. ಅವತ್ತು ಅವಳು ಅವನನ್ನೇ ನೋಡುತ್ತಾ ನಿಂತು, ಬಂದ ಬಸ್ಸು ಹತ್ತದೆ ಬಿಟ್ಟಳು. ಆಮೇಲೂ ಬೇಕೆಂದೇ ಎಷ್ಟೋ ಬಸ್ಸು ಬಿಟ್ಟಳು. ಅವನು ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.

ಟೈಲರನಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. "ಹಾಗಾದ್ರೆ ಇಷ್ಟು ವರ್ಷ ನನ್ನ ಕೋತಿ ಮಾಡಿ ಕುಣಿಸಿದೆ."

"ಕುಣಿದಿದ್ದು ನೀವು. ನಾನು ತಾಳ ಹಾಕಿದೆ ಅಷ್ಟೆ." ಅವಳು ನಗುತ್ತಿರಲಿಲ್ಲ. "ನಾನು ಬಾಯಿ ಬಿಟ್ಟಿದ್ರೆ ಅಪ್ಪ ನಿಮ್ಮನ್ನ ಹೊಸಿಲಿಂದಾನೇ ಕಳಿಸ್ತಿದ್ರು. ಅವರಿಗೆ ಫಾರಿನ್ ಅಳಿಯ ಬೇಕಾಗಿತ್ತು, ನನಗೆ ಕಾಜಾ ಹಾಕೋನು ಬೇಕಾಗಿತ್ತು. ಅಪ್ಪನಿಗೆ ಮೋಸ ಮಾಡಿದ್ದು ನೀವೊಬ್ಬರೇ ಅಂದ್ಕೊಂಡಿದ್ರಾ?"

ಅವನಿಗೆ ನೆನಪಾದದ್ದು ಆ ಬಿಳೀ ನಾಯಿ. ಅವಳು ನಂಬಿ ತಿದ್ದಿದ್ದಲ್ಲ; ಗಿರಾಕಿಯ ಮುಂದೆ ಗಂಡ ಸಿಕ್ಕಿಬೀಳದಿರಲಿ ಎಂದು ತಿದ್ದಿದ್ದು. ಪರದೆಯ ಈ ಕಡೆ ಇವನು ಹೆದರಿಕೊಂಡು ಬದುಕಿದ, ಆ ಕಡೆ ಅವಳು ಹರಿದಲ್ಲೆಲ್ಲ ಹೊಲಿಯುತ್ತಾ ಬಂದಳು. ನಗಬೇಕೋ ಅಳಬೇಕೋ ತಿಳಿಯದೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ಎಲ್ಲ ಗೊತ್ತಿದ್ದೂ ಆ ಕೆರೆ ಯಾಕೆ ಕೇಳಿದೆ?"

"ನೋಡಬೇಕು ಅಂತ."

"ಇಲ್ಲದ ಕೆರೆನಾ?"

"ಅಷ್ಟು ದೊಡ್ಡ ದೇಶದಲ್ಲಿ ಒಂದು ಕೆರೆ ಸಿಗಲ್ವೇನ್ರೀ? ಯಾವುದನ್ನಾದ್ರೂ ಇದೇ ಅಂತ ತೋರಿಸಿ." ಅವಳು ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ತಿರುವುತ್ತಿದ್ದಳು. "ಇಷ್ಟು ವರ್ಷ ನೀವು ಹೇಳಿದ್ದೆಲ್ಲ ಗಿರಾಕಿಗಳಿಗೆ. ನಾನು ಪರದೆ ಹಿಂದೆ ಕೂತು ಕೇಳಿಸ್ಕೊಂಡೆ. ಒಂದ್ಸಲ ನನ್ನ ಎದುರಿಗೆ ನಿಂತು ಹೇಳಿ."

ಹುಡುಗಿ ಪಾಸ್‌ಪೋರ್ಟುಗಳನ್ನು ಹಿಡಿದು ವಾಪಸ್ಸು ಬಂದಳು. ಸೇತುವೆಯ ಊರು ಸೇರಿಸಿದ್ದೇನೆ, ಆ ಕೆರೆ ಬಿಟ್ಟುಬಿಡೋಣವಾ ಎಂದು ಕೇಳಿದಳು.

ಟೈಲರ್ ಬೇಡವೆಂದು ತಲೆಯಾಡಿಸಿ ಎದ್ದು ನಕ್ಷೆಯ ಹತ್ತಿರ ಹೋದ. ಆ ದೇಶದ ಮೇಲ್ಭಾಗದ ತುಂಬ ಯಾರೋ ಗುಂಡಿ ಡಬ್ಬಿ ಚೆಲ್ಲಿದ ಹಾಗೆ ನೀಲಿ ಚುಕ್ಕೆಗಳಿದ್ದವು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳನ್ನು ಒಂದರ ಮೇಲಿಟ್ಟ.

"ಇಲ್ಲಿ ಚಳಿಗಾಲದಲ್ಲಿ ನೀರು ನಿಜವಾಗ್ಲೂ ಗಟ್ಟಿಯಾಗುತ್ತೇನಮ್ಮ? ಮೇಲೆ ನಡೀಬಹುದಾ?"

ಆ ದೇಶದ ಬಗ್ಗೆ ಅವನು ಇನ್ನೊಬ್ಬರನ್ನು ಏನಾದರೂ ಕೇಳಿದ್ದು ಅದೇ ಮೊದಲು. ಹುಡುಗಿ ನೋಡಿ ಹೇಳ್ತೀನಿ ಅಂಕಲ್ ಎಂದು ಕಂಪ್ಯೂಟರಿನತ್ತ ತಿರುಗಿದಳು. ಹೆಂಡತಿ ಎದ್ದು ಬಂದು ಅವನ ಪಕ್ಕ ನಿಂತು, ನಕ್ಷೆಯತ್ತ ಬಾಗಿ, ಕೆರೆ ಕಾಣಲೆಂದು ಅವನ ಬೆರಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.