ಗ್ಯಾಸಿನ ಲಾರಿ ಬಾರದ ವಾರ

ನಮ್ಮ ಮನೆಯ ಹಿಂದಿನ ಗ್ಯಾಸ್ ಟ್ಯಾಂಕು ನಮ್ಮದಲ್ಲ, ಕಂಪನಿಯದು. ಆ ಕಂಪನಿಯವರನ್ನು ಬಿಟ್ಟು ಬೇರೆ ಯಾರೂ ಅದಕ್ಕೆ ಗ್ಯಾಸ್ ತುಂಬುವಂತಿರಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಉತ್ತರದ ತುದಿಯಲ್ಲಿ ಬೆಟ್ಟದ ಮೇಲೆ ಮನೆ ಮಾಡಿಕೊಂಡ ನಮಗೆ ಮನೆ ಬೆಚ್ಚಗಿಡುವ ಹೀಟರಿಗೂ ಒಲೆಗೂ ಬಿಸಿನೀರಿಗೂ ಅದೊಂದೇ ಗತಿ. ಲಾರಿ ಹೊತ್ತಿಗೆ ಸರಿಯಾಗಿ ಬಂದರೆ ಚಳಿಗಾಲ ಹೇಗೋ ಕಳೆಯುತ್ತದೆ. ಬಾರದಿದ್ದರೆ ಫೋನ್ ಹಿಡಿದು ಕಾಯಬೇಕು.

ನಮ್ಮ ಶಾಸಕ ವೆಂಡೆಲ್ ಪೈಕ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಶಾಸಕ ಅಂದರೆ ದೊಡ್ಡ ಮನುಷ್ಯನೇನಲ್ಲ. ನಮ್ಮ ರಾಜ್ಯದಲ್ಲಿ ಆ ಕೆಲಸಕ್ಕೆ ಸಿಗುವ ಸಂಬಳ ಚಹಾ ಖರ್ಚಿಗೂ ಸಾಲದು. ವೆಂಡೆಲ್ ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿದವರು. ಚಿಕ್ಕವಳಿದ್ದಾಗ ನಾನೂ ಅದೇ ಬಸ್ಸಿನಲ್ಲಿ ಹೋಗಿದ್ದೆ. ಕೊರೆಯುವ ಚಳಿಯಲ್ಲಿ ಕಂಪನಿಯವರು ಬಾರದೇ ಹೋದರೆ ಬೇರೆ ಯಾರಾದರೂ ಬಂದು ಟ್ಯಾಂಕು ತುಂಬಬಹುದು ಎಂಬ ಮಸೂದೆಯನ್ನು ಆ ವರ್ಷ ಅವರು ಮಂಡಿಸಿದ್ದರು. ಜನವರಿಯ ಒಂದು ಸಂಜೆ ಬೂಟಿನ ಹಿಮ ಕೊಡವಿಕೊಂಡು ನಮ್ಮ ಅಡುಗೆಮನೆಗೆ ಬಂದು ಕೂತರು.

"ಒಡೆಟ್, ಮಸೂದೆ ಪರಿಶೀಲಿಸೋ ಸಮಿತಿ ಮುಂದೆ ಯಾರಾದ್ರೂ ಬಂದು ಮಾತಾಡ್ಬೇಕು ಕಣಮ್ಮ. ನಾನೊಬ್ನೇ ಮಾತಾಡಿದ್ರೆ ಮುದುಕ ಗೊಣಗ್ತಾನೆ ಅಂತ ಬಿಟ್ಬಿಡ್ತಾರೆ."

"ಬೇರೆ ಯಾರೂ ಸಿಗ್ಲಿಲ್ವಾ?"

"ಎಲ್ಲರ್ನೂ ಕೇಳ್ದೆ. ಮಸೂದೆ ಬಹಳ ಚೆನ್ನಾಗಿದೆ ಅಂತಾರೆ. ಹಂಗಾದ್ರೆ ಹೆಸರು ಕೊಡಿ ಅಂದ್ರೆ, ಒಲೆ ಮೇಲೆ ಏನೋ ಇಟ್ಟಿದೀನಿ ಅಂತ ಒಳಗೆ ಹೋಗ್ತಾರೆ."

ನನ್ನ ಅತ್ತೆ ಕ್ಲಾರಿಸ್ ಕಿಟಕಿಯ ಪಕ್ಕ ಕೂತು ಕಾಲುಚೀಲ ಹೆಣೆಯುತ್ತಿದ್ದರು. ಕಿವಿ ಮಂದ. ಆದರೆ ಕೇಳಬಾರದ್ದು ಮಾತ್ರ ಹೇಗೋ ಕೇಳಿಸುತ್ತಿತ್ತು. "ಏನೋ ವೆಂಡೆಲ್, ಊರವರೆಲ್ಲ ಒಳಗೆ ಓಡಿದ್ರೆ ಹೊರಗೆ ನಿಲ್ಲೋಕೆ ನನ್ನ ಸೊಸೆನೇ ಬೇಕಾ?"

"ನಿನ್ನನ್ನೇ ಕರ್ಕೊಂಡ್ ಹೋಗ್ತಿದ್ದೆ ಕ್ಲಾರಿಸ್. ಆದ್ರೆ ನೀನು ಮಾತು ಶುರು ಮಾಡಿದ್ರೆ ಸಭೆ ಮುಗಿಯೋದು ಬೇಸಿಗೆಗೆ."

ಅತ್ತೆ ನಕ್ಕರು, ನಾನೂ ನಕ್ಕೆ. ಆ ನಗುವಿನಲ್ಲೇ ಹೂಂ ಅಂದುಬಿಟ್ಟೆ.

ಸಮಿತಿಯ ಮುಂದೆ ಯಾರು ಮಾತನಾಡುತ್ತಾರೆ ಎಂಬುದು ಮುಚ್ಚುಮರೆಯ ಸಂಗತಿಯಲ್ಲ; ಹೆಸರು, ಊರು ಎಲ್ಲ ಮೊದಲೇ ಪ್ರಕಟವಾಗುತ್ತದೆ. ನನ್ನ ಹೆಸರು ಪ್ರಕಟವಾದ ವಾರವೇ ನಮ್ಮ ಲಾರಿ ಬರಲಿಲ್ಲ.

ಮೊದಲ ದಿನ ನಾನು ಏನೂ ಅಂದುಕೊಳ್ಳಲಿಲ್ಲ. ಮರುದಿನ ಕಚೇರಿಗೆ ಫೋನ್ ಮಾಡಿದೆ. "ರಸ್ತೇಲಿ ಹಿಮ ಇದೆ ಮೇಡಂ, ಬರ್ತಾರೆ," ಅಂದಳು ಒಬ್ಬಳು. ಅದೇ ರಸ್ತೆಯಲ್ಲಿ ಹಾಲಿನ ಲಾರಿ, ಅಂಚೆಯ ಗಾಡಿ, ಶಾಲೆಯ ಬಸ್ಸು ಎಲ್ಲ ಓಡಾಡುತ್ತಿದ್ದವು. ನಾನು ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೋಗುವುದೂ ಅದೇ ರಸ್ತೆಯಲ್ಲಿ. ಮೂರನೆಯ ದಿನ ಕಿಟಕಿಯಿಂದ ನೋಡುತ್ತಿದ್ದೆ. ಕಂಪನಿಯ ಬಿಳಿ ಲಾರಿ ಬೆಟ್ಟದ ಬುಡದಲ್ಲಿರುವ ಲೆಮೆ ಅವರ ಅಂಗಳಕ್ಕೆ ಬಂತು. ಕೆಳಗಿಳಿದ ಡ್ರೈವರ್ ಪೈಪು ಎಳೆದು ಅವರ ಟ್ಯಾಂಕು ತುಂಬಿಸಿದ. ಇನ್ನು ನಮ್ಮ ಕಡೆಗೇ ಬರುತ್ತದೆ ಎಂದು ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತೆ. ಲಾರಿ ಅಲ್ಲೇ ತಿರುಗಿ ಬಂದ ದಾರಿಯಲ್ಲೇ ಹೊರಟುಹೋಯಿತು.

ಆಮೇಲೆ ಟ್ಯಾಂಕಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಎಂದು ತೋರಿಸುವ ಮುಳ್ಳು ನೋಡುವುದೇ ನನ್ನ ಕೆಲಸವಾಯಿತು. ಮಂಜುಗಟ್ಟಿದ ಗಾಜನ್ನು ಹೆಬ್ಬೆರಳಿನಿಂದ ಉಜ್ಜಿ ಬಗ್ಗಿ ನೋಡುತ್ತಿದ್ದೆ. ನೋಡಿದಾಗಲೆಲ್ಲ ಅದು ಇನ್ನಷ್ಟು ಕೆಳಗೆ ಇಳಿದಿರುತ್ತಿತ್ತು. ಇನ್ನೊಂದು ಕಂಪನಿಗೆ ಫೋನ್ ಮಾಡಿದರೆ ಅಲ್ಲಿದ್ದಾತ ನಾನು ಮಾತು ಮುಗಿಸುವ ಮೊದಲೇ ತಡೆದ: "ಅವರ ಟ್ಯಾಂಕು ನಾವು ಮುಟ್ಟೋ ಹಾಗಿಲ್ಲಮ್ಮ. ಮುಟ್ಟಿದ್ರೆ ನಮ್ಮ ಲೈಸೆನ್ಸ್ ಹೋಗುತ್ತೆ." ಗಂಡ ಲೂಸಿಯೆನ್ ಮರ ಕಡಿಯುವ ಕೆಲಸಕ್ಕೆ ಪಕ್ಕದ ಮೇನ್ ರಾಜ್ಯದ ಕಾಡಿಗೆ ಹೋಗಿದ್ದ, ಅವನು ಬರುವುದು ಶನಿವಾರವೇ. ಇದ್ದ ಒಂದೇ ಒಂದು ಕರೆಂಟಿನ ಹೀಟರನ್ನು ಅತ್ತೆಯ ಕೋಣೆಗೆ ಹಾಕಿದೆ. ಸ್ವಲ್ಪ ಹೊತ್ತು ಉರಿದರೆ ಸಾಕು, ಅದು ಫ್ಯೂಸ್ ಹಾರಿಸುತ್ತಿತ್ತು.

ಸಮಿತಿಯ ವಿಚಾರಣೆಯ ದಿನ ಬೆಳಿಗ್ಗೆ ಮುಳ್ಳು ತಳ ಮುಟ್ಟಿತ್ತು. "ನಾನು ಹೋಗಲ್ಲ ಅತ್ತೆ," ಅಂದೆ.

"ಹೋಗ್ದೆ ಇದ್ರೆ ಲಾರಿ ಬರುತ್ತಾ? ಹೋಗಿ ಹೇಳು. ನಾನು ಹೊದ್ಕೊಂಡು ಮಲಗಿರ್ತೀನಿ. ನಾನು ಹುಟ್ಟಿದ ಮನೇಲಿ ಹೀಟರೂ ಇರ್ಲಿಲ್ಲ, ಗೀಟರೂ ಇರ್ಲಿಲ್ಲ."

ಸೊಂಟದ ನೋವಿನಿಂದಾಗಿ ಅಷ್ಟು ದೂರ ಕಾರಿನಲ್ಲಿ ಕೂರುವುದು ಅವರಿಂದ ಆಗದ ಮಾತು. ಬೆಟ್ಟದ ಮೇಲೆ ಸುತ್ತಲಿದ್ದ ಮನೆಗಳೆಲ್ಲ ಬೇಸಿಗೆಗೆ ಮಾತ್ರ ಬರುವವರವು, ಬೀಗ ಹಾಕಿದ್ದವು; ಬುಡದ ಲೆಮೆ ಮನೆಯವರೂ ಹಗಲೆಲ್ಲ ಕೆಲಸಕ್ಕೆ ಹೋಗಿರುತ್ತಿದ್ದರು. ಫೋನನ್ನು ದಿಂಬಿನ ಪಕ್ಕದಲ್ಲಿಟ್ಟು ಹೊರಟೆ.

ರಾಜಧಾನಿ ಕಾನ್‌ಕಾರ್ಡಿನ ವಿಧಾನಸಭೆಯ ಕಚೇರಿಯ ಹಜಾರದಲ್ಲಿ ಬೂದು ಕೋಟು ತೊಟ್ಟ ಒಬ್ಬರು ನಗುತ್ತ ಕೈ ಚಾಚಿದರು. ಕಂಪನಿಯ ನಮ್ಮ ಪ್ರಾಂತದ ಮ್ಯಾನೇಜರ್, ಹಾರ್ಲನ್ ವೈಸ್.

"ಮಿಸೆಸ್ ರಾಂಕೋರ್ ಅಲ್ವಾ? ಅಷ್ಟು ದೂರದಿಂದ ಬಂದಿದೀರಿ, ಪಾಪ. ಅತ್ತೆಯವರು ಹುಷಾರಾ? ಮನೇಲಿ ಒಬ್ರೇ ಇದಾರಾ?"

ನಾನು ಆ ಮನುಷ್ಯನನ್ನು ಹಿಂದೆಂದೂ ನೋಡಿರಲಿಲ್ಲ. ನನಗೆ ಅತ್ತೆ ಇದ್ದಾರೆಂದು ಅವರಿಗೆ ಹೇಗೆ ಗೊತ್ತಾಯಿತು? "ಹುಷಾರಾಗಿದಾರೆ," ಎಂದಷ್ಟೇ ಹೇಳಿ ಕೈ ಬಿಡಿಸಿಕೊಂಡೆ.

ಸಮಿತಿಯವರು ಕುದುರೆ ಲಾಳದಾಕಾರದ ಮೇಜಿನ ಸುತ್ತ ಕೂತಿದ್ದರು. ನನ್ನ ಸರದಿ ಬಂದಾಗ ಬರೆದುಕೊಂಡು ಬಂದಿದ್ದೆಲ್ಲ ಮರೆತುಹೋಯಿತು. ಲಾರಿ ಬೆಟ್ಟದ ಬುಡದಿಂದ ತಿರುಗಿ ಹೋದದ್ದನ್ನು ಮಾತ್ರ ಹೇಳಿದೆ. ಕನ್ನಡಕದ ಸದಸ್ಯೆಯೊಬ್ಬರು ಮುಂದಕ್ಕೆ ಬಾಗಿದರು.

"ನೀವು ಇಲ್ಲಿಗೆ ಬರ್ತೀರ ಅಂತಲೇ ಗ್ಯಾಸ್ ತಡೆದ್ರು ಅಂತೀರಾ? ಯಾರಾದ್ರೂ ಹಾಗೆ ಹೇಳಿದ್ರಾ?"

"ಇಲ್ಲ ಮೇಡಂ. ಯಾರೂ ಏನೂ ಹೇಳ್ಲಿಲ್ಲ."

"ಹಾಗಾದ್ರೆ?"

"ಹೇಳಿದ್ರೆ ಜಗಳ ಆಡಬಹುದಿತ್ತು. ಏನೂ ಹೇಳ್ದೆ ಬರ್ದೇ ಹೋದ್ರೆ ಯಾರ ಹತ್ರ ಜಗಳ ಆಡ್ಲಿ? ಇವತ್ತು ಬೆಳಿಗ್ಗೆ ಗ್ಯಾಸ್ ಮುಗೀತು. ನಮ್ಮತ್ತೆ ಒಬ್ರೇ ಇದಾರೆ. ನನಗೆ ಹೆದ್ರಿಕೆ ಆಗ್ತಿದೆ, ಅಷ್ಟೇ."

ಹಾರ್ಲನ್ ವೈಸ್ ಎದ್ದು ಬಹಳ ಸಮಾಧಾನದಿಂದ ಮಾತಾಡಿದರು. ಡ್ರೈವರುಗಳ ಜೀವವೂ ಜೀವವೇ, ಕಡಿದಾದ ರಸ್ತೆ, ಬೇರೆಯವರ ಟ್ಯಾಂಕು ತುಂಬುವುದು ಅಪಾಯ, ಈ ತಾಯಿಯ ಮನೆಗೆ ಈಗಲೇ ಲಾರಿ ಕಳಿಸುತ್ತೇನೆ. ಸಮಿತಿಯ ಹಲವರು ತಲೆದೂಗಿದರು.

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ವೆಂಡೆಲ್ ನನ್ನ ಮುಖ ನೋಡಿ ಕಾರಿನ ಕೀಲಿ ಕಸಿದುಕೊಂಡರು. "ನಾನು ಓಡಿಸ್ತೀನಿ. ನೀನು ಫೋನ್ ಮಾಡ್ತಿರು."

ಘಾಟಿ ಹತ್ತುವಾಗ ಹಿಮ ಶುರುವಾಯಿತು. ಗಾಜಿನ ಮುಂದೆ ಬಿಳಿ ಬಿಟ್ಟು ಏನೂ ಕಾಣುತ್ತಿರಲಿಲ್ಲ. ನಾನು ಫೋನ್ ಮಾಡುತ್ತಲೇ ಇದ್ದೆ. ಅದು ಅಲ್ಲಿ ರಿಂಗಾಗುತ್ತಲೇ ಇತ್ತು. ಪೊಲೀಸರಿಗೆ ಮಾಡಿದರೆ, ಹೆದ್ದಾರಿಯಲ್ಲಿ ಗಾಡಿಗಳು ಢಿಕ್ಕಿ ಹೊಡೆದಿವೆ, ಆದಷ್ಟು ಬೇಗ ಯಾರನ್ನಾದರೂ ಕಳಿಸುತ್ತೇವೆ ಎಂದರು.

"ಕಿವಿ ಕೇಳಲ್ವಲ್ಲಮ್ಮ ಅವಳಿಗೆ," ಅಂದರು ವೆಂಡೆಲ್.

ಅಂಗಳಕ್ಕೆ ಬಂದಾಗ ಹಿಮದ ಮೇಲೆ ದೊಡ್ಡ ಚಕ್ರದ ಗುರುತು ಕಂಡಿತು. ಲಾರಿ ಬಂದು ಹೋಗಿತ್ತು! ಜೀವ ಬಂದಂತಾಗಿ ಟ್ಯಾಂಕಿನ ಹತ್ತಿರ ಓಡಿದೆ. ಮುಳ್ಳು ಮೇಲಿತ್ತು. ಆದರೆ ಗ್ಯಾಸ್ ಬಿಡುವ ವಾಲ್ವ್ ಮುಚ್ಚಿ ಅದಕ್ಕೆ ಕೆಂಪು ಚೀಟಿ ಕಟ್ಟಿದ್ದರು. ಟ್ಯಾಂಕು ಪೂರ್ತಿ ಬರಿದಾದ ಮೇಲೆ, ಮನೆಯವರ ಎದುರಲ್ಲೇ ಸೋರಿಕೆ ಪರೀಕ್ಷಿಸಿ ಹೀಟರ್ ಹೊತ್ತಿಸಬೇಕು ಎಂಬುದು ನಿಯಮ. ಬಾಗಿಲು ತಟ್ಟಿದ್ದಾರೆ, ಯಾರೂ ತೆರೆದಿಲ್ಲ. ಮುಚ್ಚಿ ಹೋಗಿದ್ದಾರೆ.

ಒಳಗೆ ಉಸಿರು ಹೊಗೆಯಾಗುತ್ತಿತ್ತು. ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಅತ್ತೆ ಹಾಸಿಗೆಯಲ್ಲಿದ್ದರು, ಮನೆಯಲ್ಲಿದ್ದ ಕೋಟುಗಳೆಲ್ಲ ಅವರ ಮೇಲಿದ್ದವು. ಫ್ಯೂಸ್ ಹಾರಿ ಹೀಟರ್ ಆರಿತ್ತು. ಮುಖ ಮುಟ್ಟಿದರೆ ಕಲ್ಲು ಮುಟ್ಟಿದ ಹಾಗೆ.

"ಅತ್ತೆ! ಅತ್ತೇ!"

ಕಣ್ಣು ತೆರೆದರು. ನನ್ನ ಗುರುತು ಹತ್ತಲಿಲ್ಲ. ಚಿಕ್ಕಂದಿನಲ್ಲಿ ತವರಿನಲ್ಲಿ ಆಡುತ್ತಿದ್ದ ಫ್ರೆಂಚಿನಲ್ಲಿ, ಹಸುವನ್ನು ಕೊಟ್ಟಿಗೆಗೆ ಕಟ್ಟಿದೆಯಾ ಎಂದು ಕೇಳಿದರು. ನಡುಗುತ್ತಲೂ ಇರಲಿಲ್ಲ. ನಡುಕ ನಿಂತರೆ ಕೆಟ್ಟದ್ದು ಎಂದು ನನಗೆ ಗೊತ್ತಿತ್ತು. ವೆಂಡೆಲ್ ಅವರನ್ನು ಮಗುವಿನಂತೆ ಎತ್ತಿಕೊಂಡರು. ಆಸ್ಪತ್ರೆ ತಲುಪುವವರೆಗೆ ಹಿಂದಿನ ಸೀಟಿನಲ್ಲಿ ಅವರನ್ನು ನನ್ನ ಮೈಗೆ ಅವುಚಿಕೊಂಡು ಕೂತಿದ್ದೆ.

ಅತ್ತೆ ಬದುಕಿದರು. ಎರಡು ಕಾಲ್ಬೆರಳು ಹೋದವು. "ಹೆಣೆಯೋ ಕಾಲುಚೀಲಕ್ಕೆ ಇನ್ಮೇಲೆ ನೂಲು ಕಮ್ಮಿ ಸಾಕು," ಎಂದು ನರ್ಸಿಗೆ ಹೇಳಿದರಂತೆ. ಆದರೆ ಮನೆಗೆ ಬಂದ ಮೇಲೆ ಅವರು ಕೋಟು ಬಿಚ್ಚಲಿಲ್ಲ. ಏಪ್ರಿಲ್ ಬಂದರೂ, ಕಿಟಕಿ ತೆರೆದಿಟ್ಟರೂ ಬಿಚ್ಚಲಿಲ್ಲ.

ಮಸೂದೆಗೆ ಸಮಿತಿಯಲ್ಲಿ ಸೋಲಾಯಿತು. ಆಮೇಲೆ ವಿಧಾನಸಭೆಯಲ್ಲಿ ವೆಂಡೆಲ್ ಅತ್ತೆಯ ವಿಷಯ ಹೇಳಿದ್ದಕ್ಕೆ ಅದನ್ನು ಪೂರ್ತಿ ಬಿಸಾಡದೆ, ಇನ್ನಷ್ಟು ಅಧ್ಯಯನ ಆಗಲಿ ಎಂದು ತೆಗೆದಿಟ್ಟರು. ಹಾಗೆ ತೆಗೆದಿಟ್ಟದ್ದು ಹೊರಗೆ ಬರುವುದು ಅಪರೂಪ ಎಂದು ವೆಂಡೆಲೇ ಹೇಳಿದರು.

ಮೇ ತಿಂಗಳಲ್ಲಿ ಬಿಳಿ ಲಾರಿ ಬಂತು. ಟ್ಯಾಂಕು ತುಂಬಿಸಿದ ಮೇಲೂ ಡ್ರೈವರ್ ಹೋಗದೆ ಟೋಪಿ ತಿರುವುತ್ತ ನಿಂತಿದ್ದ. ನನಗಿಂತ ಹಿರಿಯ, ತಲೆ ನರೆತವನು.

"ಅವತ್ತು ಬಾಗಿಲು ತಟ್ಟಿದ್ದು ನಾನೇ," ಅಂದ. "ಒಡೆದು ಒಳಗೆ ಹೋಗ್ಬೇಕಿತ್ತು. ಧೈರ್ಯ ಆಗ್ಲಿಲ್ಲ."

"ಅದಕ್ಕೆ ಮೊದಲು ಯಾಕೆ ಬರ್ಲಿಲ್ಲ?"

ಅವನು ರಸ್ತೆಯ ಕಡೆ ನೋಡಿದ, ಯಾರಾದರೂ ಬರುತ್ತಿದ್ದಾರೇನೋ ಎಂಬಂತೆ. "ಈ ವಾರ ಆ ಮನೆಗೆ ಹೋಗ್ಬೇಡ ಅಂದ್ರು. ರಸ್ತೆ ಚೆನ್ನಾಗೇ ಇದೆ ಅಂದೆ. ಹೇಳಿದಷ್ಟು ಮಾಡು ಅಂದ್ರು. ಯಾರು ಅಂತ ಕೇಳ್ಬೇಡಿ. ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡ್ಬೇಡಿ ಅಕ್ಕ. ಹೆಂಡತಿಗೆ ಹುಷಾರಿಲ್ಲ. ನನಗಿರೋದು ಇದೊಂದೇ ಕೆಲಸ."

ನನ್ನೊಳಗೆ ಕುದಿಯುತ್ತಿದ್ದ ಸಿಟ್ಟನ್ನು ಅವನ ಮೇಲೆ ಹಾಕಲು ಆಗಲಿಲ್ಲ. ಹೂಂ ಅಂದೆ.

ಶರತ್ಕಾಲದಲ್ಲಿ ವೆಂಡೆಲ್ ಮಸೂದೆಯನ್ನು ಮತ್ತೆ ಬರೆಸಿದರು. "ಈ ಸಲ ಕಂಪನಿ ಒಳಗಿನವರು ಒಬ್ರು ಸಿಕ್ಕಿದ್ರೆ ಗೆಲ್ಲಬಹುದು ಒಡೆಟ್. ನಿನಗೆ ಯಾರಾದ್ರೂ ಗೊತ್ತಾ?"

ಅತ್ತೆ ಕೋಟಿನೊಳಗಿಂದ ನನ್ನನ್ನೇ ನೋಡುತ್ತಿದ್ದರು.

"ಇಲ್ಲ," ಅಂದೆ. "ನಾನು ಬರ್ತೀನಿ. ನನ್ನ ಹೆಸರು ಬರ್ಕೊಳ್ಳಿ."