ಮೈಕಮ್ಮ ಬಾಯಿ ಮುಚ್ಚಿದ ಮಧ್ಯಾಹ್ನ

ನಮ್ಮ ಬೀದಿಯಲ್ಲಿ ನನಗೆ ಮೈಕಮ್ಮ ಅಂತಲೇ ಹೆಸರು. ಹೊಲಿಗೆ ಅಂಗಡಿಯಲ್ಲಿ ಕೂತು ನಾನು ಕತ್ತರಿ ಎಲ್ಲಿ ಅಂತ ಕೇಳಿದರೆ, ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ತಮ್ಮನ ಮಗಳು ಚೋಟಿ ಎದ್ದು ಕೂರುತ್ತಾಳಂತೆ. ಕೂರಲಿ ಬಿಡಿ. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ.

ಆ ಬೇಸಗೆಯಲ್ಲಿ ನನ್ನ ಬಾಯಿ ಸವೆದದ್ದು ತಮ್ಮನ ಮನೆಯ ಕಿಟಕಿಯ ವಿಷಯಕ್ಕೆ. ಅದಕ್ಕೆ ಸರಳಿಲ್ಲ. ಗಾಜು ಸರಿಸಿದರೆ ಉಳಿಯುವುದು ಸೊಳ್ಳೆ ಜಾಲರಿ ಮಾತ್ರ.

"ಸರಳು ಹಾಕ್ಸೋ" ಅಂದರೆ, "ಜಾಲರಿ ಇದ್ಯಲ್ಲಕ್ಕಾ" ಅನ್ನುತ್ತಿದ್ದ.

"ಅದು ಸೊಳ್ಳೆ ತಡೆಯುತ್ತೆ ಕಣೋ, ಮಗೂನಲ್ಲ. ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ತೀಯಾ?"

"ಹಾಕಿಸ್ತೀನಿ, ಹಾಕಿಸ್ತೀನಿ."

ಅವನು ಎರಡು ಸಲ ಹೇಳಿದ ಅಂದರೆ ಆ ಕೆಲಸ ಆಗುವುದಿಲ್ಲ ಅಂತಲೇ ಅರ್ಥ. ಕೊನೆಗೆ ನಾನೇ ಜಗಳವಾಡಿ, ಕಿಟಕಿ ಕೆಳಗಿದ್ದ ಮಂಚವನ್ನು ಆಚೆ ಗೋಡೆಗೆ ಎಳೆದುಹಾಕಿದ್ದೆ. ಹತ್ತಲು ಏನೂ ಇಲ್ಲದಿದ್ದರೆ ಮೂರು ವರ್ಷದ ಮಗುವಿಗೆ ಕಿಟಕಿ ಎಟುಕುವುದಿಲ್ಲ.

ಆ ದಿನ ಬೆಳಗ್ಗೆಯೇ ಕರೆಂಟು ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು ತಲೆ ಎತ್ತಿದೆ.

ಚೋಟಿ ಕಿಟಕಿಯಲ್ಲಿ ನಿಂತಿದ್ದಳು. ಎರಡೂ ಕೈ ಜಾಲರಿಯ ಮೇಲೆ, ಮೂಗೂ ಜಾಲರಿಗೆ ಒತ್ತಿ. ಮಗುವಿಗೆ ಗಾಳಿ ಬರಲಿ ಅಂತ ಅವಳಮ್ಮ ಮಂಚವನ್ನು ಮತ್ತೆ ಕಿಟಕಿಯ ಕೆಳಗೆ ಎಳೆದಿದ್ದಳು. ಜಾಲರಿ ಹೊಟ್ಟೆಯ ಹಾಗೆ ಹೊರಕ್ಕೆ ಉಬ್ಬಿತ್ತು.

"ಅತ್ತೇ!"

ನನಗೂ ಕೂಗು ಗಂಟಲಿಗೆ ಬಂದಿತ್ತು, ಕೈಗಳೂ ಅರ್ಧ ಮೇಲೆದ್ದಿದ್ದವು. ಅಷ್ಟರಲ್ಲಿ ನೆನಪಾಯಿತು. ನಮ್ಮಿಬ್ಬರದು ಒಂದು ಆಟವಿದೆ. ಮೆಟ್ಟಿಲ ಮೇಲೋ ಮೇಜಿನ ಮೇಲೋ ಅವಳು ನಿಂತಿದ್ದರೆ ನಾನು ಕೈ ಚಾಚಿ "ಚೋಟೀ!" ಅಂತ ಕೂಗುತ್ತೇನೆ, ಅವಳು ಹಿಂದೆ ಮುಂದೆ ನೋಡದೆ ಹಾರುತ್ತಾಳೆ. ಒಂದು ಸಲವೂ ನಾನು ಹಿಡಿಯದೆ ಬಿಟ್ಟಿಲ್ಲ. ಅದಕ್ಕೇ ಅವಳಿಗೆ ಭಯವಿಲ್ಲ.

ಕೈಗಳನ್ನು ಇಳಿಸಿ ಸೆರಗಿನಲ್ಲಿ ಸುತ್ತಿಕೊಂಡೆ.

ಪಕ್ಕದ ಕಟಿಂಗ್ ಅಂಗಡಿಯ ಯಜಮಾನರು ಬಾಗಿಲಲ್ಲಿ ಕೂತು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ಯಜಮಾನ್ರೇ" ಎಂದು ಪಿಸುಗುಟ್ಟಿದೆ.

"ಏನ್ ಮೈಕಮ್ಮಾ, ಮೈಕ್ ಕೆಟ್ಟೋಯ್ತಾ?"

"ಮೇಲೆ ನೋಡ್ಬೇಡಿ. ಮಗು ಕಿಟಕೀಲಿದೆ. ತಮ್ಮನ ಮನೆ ಬೀಗದ ಕೈ ನನ್ಹತ್ರ ಇದೆ, ತಗೊಂಡು ಓಡಿ. ಹಿಂದಿನ ರೂಮಲ್ಲಿ ತಾಯಿ ಮಲಗಿದಾಳೆ, ರಾತ್ರಿ ಡ್ಯೂಟಿ ಮುಗಿಸಿ ಬಂದಿದಾಳೆ. ಮೆಲ್ಲಗೆ ಎಬ್ಬಿಸಿ. ಕೂಗ್ಬೇಡಿ, ನಿಮ್ಮ ದಮ್ಮಯ್ಯ!"

ಅವರ ನಗು ಅಲ್ಲೇ ನಿಂತಿತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದರು.

ಚೋಟಿ ಜಾಲರಿಯನ್ನು ಬಡಿದಳು. "ಅತ್ತೇ, ಬರ್ಲಾ?"

ಬೇಡ ಅಂದರೆ ಈ ಮಗು ಕೇಳುವುದಿಲ್ಲ, ಥೇಟ್ ಅತ್ತೆಯದೇ ಬುದ್ಧಿ. ಇನ್ನೊಂದು ಆಟ ನೆನಪಾಯಿತು. ಮಧ್ಯಾಹ್ನ ಅವಳನ್ನು ಮಲಗಿಸಲು ನಾನೇ ಕಟ್ಟಿದ ಸುಳ್ಳಾಟ: ಇಬ್ಬರೂ ಕಣ್ಣು ಮುಚ್ಚಿ ಮಲಗಬೇಕು, ಮೊದಲು ಕಣ್ಣು ಬಿಟ್ಟವರು ಸೋತ ಹಾಗೆ.

ಕೆನ್ನೆಯ ಪಕ್ಕ ಅಂಗೈ ಜೋಡಿಸಿ ತೋರಿಸಿದೆ. ಅಂಗೈ ಊರಿ ರಸ್ತೆಯ ಮೇಲೆ ಕೂತೆ. ಡಾಂಬರು ಕಾದ ಕಾವಲಿಯಾಗಿತ್ತು. ಚುರ್ರೆಂದಿತು, ಆದರೂ ಮಲಗಿದೆ. ಅವಳು ಕಿಲಕಿಲ ನಕ್ಕು ಮರೆಯಾದಳು.

ಕಣ್ಣು ಮುಚ್ಚಿದೆ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಆ ಗಾದೆ ಕಟ್ಟಿದವನನ್ನು ತಂದು ನನ್ನ ಪಕ್ಕ ಮಲಗಿಸಬೇಕಿತ್ತು. ತೋಳು ಸುಡುತ್ತಿತ್ತು. ಯಜಮಾನರು ಎಲ್ಲಿಗೆ ಬಂದರೋ, ಬೀಗ ತೆಗೆದರೋ ಇಲ್ಲವೋ. ಮೇಲೆ ಮಂಚ ಕಿರ್ರೆಂದಿತು. ಕಳ್ಳಿ ಮತ್ತೆ ಎದ್ದಿದ್ದಳು, ನಾನು ಮೋಸ ಮಾಡುತ್ತಿದ್ದೇನಾ ಅಂತ ನೋಡಲು. ನಾನು ಕಣ್ಣು ಬಿಟ್ಟರೆ ಆಟ ಮುಗಿಯುತ್ತದೆ, ಆಮೇಲೆ ಅವಳು ಏನು ಮಾಡುತ್ತಾಳೋ ಗೊತ್ತಿಲ್ಲ. ರೆಪ್ಪೆ ಬಿಗಿ ಹಿಡಿದೆ. ದೇವರೇ, ಒಂದು ಸಲ ನೋಡಲೂ ಆಗದಲ್ಲ!

ಜಾಲರಿ ಪರಪರ ಎಂದಿತು. ಆಮೇಲೆ ನನ್ನ ತಲೆಯ ಹತ್ತಿರವೇ ಧಡ್ ಎಂದು ಏನೋ ಬಿತ್ತು.

ಕಣ್ಣು ಬಿಡಲು ಧೈರ್ಯವಾಗಲಿಲ್ಲ. ನನ್ನ ಬಾಳಿನಲ್ಲೇ ಅಷ್ಟು ಹೆದರಿದ್ದಿಲ್ಲ.

"ಅತ್ತೆ ಸೋತ್ಲಾ?" ಮೇಲಿನಿಂದ ದನಿ ಬಂತು.

ಕಣ್ಣು ಬಿಟ್ಟೆ. ಪಕ್ಕದಲ್ಲಿ ಬಿದ್ದಿದ್ದದ್ದು ಜಾಲರಿ, ಚೌಕಟ್ಟು ಸಮೇತ. ಮೇಲೆ ಬರಿದಾದ ಕಿಟಕಿಯಲ್ಲಿ ತಮ್ಮನ ಹೆಂಡತಿ, ಎರಡೂ ಕೈಯಲ್ಲಿ ಮಗುವನ್ನು ಅವುಚಿಕೊಂಡಿದ್ದಳು.

ಮೆಟ್ಟಿಲು ಹತ್ತುವಾಗ ಅವಳಿಗೆ ಬೈಯಲು ಮಾತುಗಳನ್ನು ಜೋಡಿಸಿಕೊಂಡೆ, ತಮ್ಮನಿಗೆ ಬೇರೆ ಕಂತು. ಒಳಗೆ ಹೋದರೆ ಅವಳು ನೆಲದ ಮೇಲೆ ಕೂತು ನಡುಗುತ್ತಿದ್ದಳು. "ಒಂದ್ಚೂರು ಗಾಳಿಗೆ ಅಂತ ಎಳೆದೆ ಅಕ್ಕಾ, ಒಂದ್ಚೂರು ಗಾಳಿಗೆ..." ಯಜಮಾನರೂ ನಾನೂ ಮಂಚವನ್ನು ಆಚೆ ಗೋಡೆಗೆ ಎಳೆದೆವು, ಗಾಜು ಹಾಕಿ ಚಿಲಕ ಜಡಿದೆವು.

ಚೋಟಿ ಬಂದು ನನ್ನ ಅಂಗೈ ಬಿಡಿಸಿ ನೋಡಿದಳು. ಬೊಬ್ಬೆ ಎದ್ದಿತ್ತು. ಕೆನ್ನೆ ಉಬ್ಬಿಸಿ ಉಫ್ ಉಫ್ ಎಂದು ಊದಿದಳು.

"ಅತ್ತೇ, ನೀನ್ಯಾಕೆ ಕೈ ಚಾಚ್ಲಿಲ್ಲ?" ಅಂದಳು. "ನಾನು ಕಾಯ್ತಾನೇ ಇದ್ದೆ."